ವಾಡಿಯ ಚಕ್ರ ದುಂಡಗೇ ಇತ್ತು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಲೆ ಕೆರೆದುಕೊಳ್ಳುವುದು ಬೇಡ. ವಾಡಿಯ ಚಕ್ರ ದುಂಡಗೇ ಇತ್ತು. ಅದನ್ನು ಹಾಸಿದವನು ನನ್ನ ಅಪ್ಪ. ಶಹಾಬಾದಿನ ಕಲ್ಲುಗಣಿಯಲ್ಲಿ ಮೂವತ್ತು ವರ್ಷ ಉಳಿ ಹಿಡಿದವನು, ಒಂದು ಹಾಸುಗಲ್ಲು ಬೆರಳಗಲ ಸೊಟ್ಟ ಕೂತರೆ ಆ ದಿನ ಅನ್ನ ಸೇರದವನು. ಅಂಥವನ ಕೆಲಸವನ್ನು ಆಕಾಶದಲ್ಲಿ ಕೂತು ತತ್ತಿ ಎಂದು ನಕ್ಕವರು ಎಷ್ಟೋ ಮಂದಿ. ಅವರಲ್ಲಿ ಒಬ್ಬನಾದರೂ ಕೆಳಗೆ ಬಂದು ಹಗ್ಗ ಹಿಡಿದು ಅಳೆದನೇ? ಇಲ್ಲ. ಇವತ್ತು ನೆನೆದರೂ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಪೊಲೀಸ್ ಆಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ನಾನು ಮೆಟ್ರಿಕ್ ಮುಗಿಸಿ ಚಿತ್ತಾಪುರದ ತಹಸಿಲ್ ಕಚೇರಿಯ ಕಟ್ಟೆ ಸವೆಸುತ್ತಿದ್ದೆ. ಆಗ ಹೈದರಾಬಾದಿನ ಒಂದು ವಿಮಾನ ಕಂಪನಿಗೆ ವಾಡಿಯಲ್ಲಿ ಒಬ್ಬ ಮನುಷ್ಯ ಬೇಕಾದ. ವಾಡಿಯಲ್ಲಿ ವಿಮಾನ ಇಳಿಯುತ್ತಿರಲಿಲ್ಲ, ಅದರ ಮೇಲೆ ಹಾದು ಹೋಗುತ್ತಿತ್ತು, ಅಷ್ಟೇ. ಆದರೆ ಮುಂಬಯಿಗೆ ಹೋಗುವ ಪೈಲಟ್‌ಗಳಿಗೆ ಆಗ ರೈಲು ಹಳಿಯೇ ದಾರಿ. ಸೇಡಂ, ಚಿತ್ತಾಪುರದ ಮೇಲೆ ಹಳಿ ನೋಡುತ್ತ ಬರುತ್ತಿದ್ದರು. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ, ಒಂದು ಮುಂಬಯಿ ಕಡೆಗೆ, ಇನ್ನೊಂದು ರಾಯಚೂರು ಕಡೆಗೆ. ಮೋಡದಿಂದ ಹೊರಬಿದ್ದ ಒಬ್ಬ ಪೈಲಟ್ ತಪ್ಪು ಹಳಿ ಹಿಡಿದು, ಕೃಷ್ಣಾ ನದಿ ಕಂಡ ಮೇಲೆ ಗಾಬರಿಯಾಗಿ ತಿರುಗಿ ಬಂದಿದ್ದನಂತೆ. ಅದಕ್ಕೇ ಸ್ಟೇಷನ್ನಿನ ಹೊರಗಿನ ಬಯಲಿನಲ್ಲಿ ಕಲ್ಲಿನ ಒಂದು ದೊಡ್ಡ ಚಕ್ರ, ಅದರ ಪಕ್ಕ ಮುಂಬಯಿ ಕಡೆ ತೋರಿಸುವ ಬಾಣ, ಎರಡಕ್ಕೂ ಬಿಳಿ ಸುಣ್ಣ. ಸುಣ್ಣ ಮಾಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಆಕಾಶ ಹೇಗಿದೆ ಎಂದು ಹೈದರಾಬಾದಿಗೆ ತಂತಿ ಕೊಡುವುದೂ ನನ್ನದೇ.

ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡ ಎಂದು ತಿಳಿಸಬೇಕಿತ್ತು. ಪ್ರಪಂಚದ ವಿಮಾನದವರೆಲ್ಲ ಹಾಗೇ ಲೆಕ್ಕ ಹಿಡಿಯುತ್ತಾರಂತೆ. ಅವ್ವ ಅದನ್ನು ತನ್ನ ಬಾಯಿಗೆ ಹೊಂದಿಸಿಕೊಂಡಿದ್ದಳು. ಬೆಳಿಗ್ಗೆ ಒಲೆ ಮುಂದೆ ಕೂತೇ ಕೇಳುತ್ತಿದ್ದಳು, "ಇವತ್ತ ಎಷ್ಟಾಣೆ ಮೋಡ ಅದನೋ? ಹಪ್ಪಳ ಒಣಗಾಕಬೇಕು."

ಚಕ್ರ ಹಾಸಲು ಕಂಪನಿ ಯಾರನ್ನೋ ಕಳಿಸುವುದಿತ್ತು. ನಾನೇ ಅಪ್ಪನ ಹೆಸರು ಹೇಳಿದೆ. ಅಪ್ಪ ಬಯಲಿನ ನಡುವೆ ಕಬ್ಬಿಣದ ಗೂಟವೊಂದನ್ನು ಬಡಿದು, ಹಗ್ಗ ಕಟ್ಟಿ, ನಲವತ್ತು ಮೊಳ ಎಳೆದು ಸುತ್ತು ಹೊಡೆದ. ಆ ಗೆರೆಯ ಮೇಲೆ ಒಂದೊಂದೇ ಶಹಾಬಾದಿ ಕಲ್ಲು ಕೂಡಿಸಿದ. ಹನ್ನೊಂದು ದಿನ ಹಿಡಿಯಿತು. ಕೊನೆಯ ಕಲ್ಲು ಕೂತ ಸಂಜೆ ಹಗ್ಗ ಹಿಡಿದು ಮತ್ತೊಂದು ಸುತ್ತು ಬಂದ. ಹಗ್ಗ ಎಲ್ಲೂ ಸಡಿಲಾಗಲಿಲ್ಲ. "ಗೂಟ ಕೀಳಬ್ಯಾಡ, ಇರಲಿ," ಅಂದ. "ನಾಳಿಗಿ ಯಾವನರ ಕೇಳಿದ್ರ ಹಗ್ಗ ಕಟ್ಟಿ ತೋರಸ್ಲಿಕ್ಕ ಬೇಕಾಗ್ತದ."

ಕೇಳುವ ಮರ್ಯಾದೆ ಯಾರಿಗಿತ್ತು? ಎರಡು ತಿಂಗಳಲ್ಲಿ ಹೈದರಾಬಾದಿನಿಂದ ಕಾಗದ ಬಂತು. ಚಕ್ರ ದುಂಡಗಿಲ್ಲ, ತತ್ತಿಯ ಹಾಗೆ ಅಡ್ಡಕ್ಕೆ ಉಬ್ಬಿದೆ ಎಂದು ಪೈಲಟ್‌ಗಳ ದೂರು. ಅಪ್ಪ ಹಗ್ಗ ಹಿಡಿದು ಮತ್ತೆ ಅಳೆದ, ನಾನೂ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗೆಂದು ಬರೆದೆ. ಉತ್ತರ ಬರಲಿಲ್ಲ, ಮತ್ತೊಂದು ದೂರು ಬಂತು.

ಆ ಕಂಪನಿಯ ರೀತಿ ನೀತಿ ಸ್ವಲ್ಪ ಹೇಳಬೇಕು. ಎರಡು ತಿಂಗಳಿಗೊಮ್ಮೆ ನಾನು ಹೈದರಾಬಾದಿನ ಕಚೇರಿಗೆ ಹೋಗುತ್ತಿದ್ದೆ. ಅಲ್ಲಿ ಎರಡೇ ಜಾತಿ: ಹಾರುವವರು, ನೆಲದವರು. ಹಾರುವವರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ, ನಮಗೆ ಗಾಜಿನ ಗ್ಲಾಸಿನಲ್ಲಿ. ಬಸವಣ್ಣನ ಹೆಸರು ಹೇಳಿ ಬೆಳೆದ ಮನೆಯಿಂದ ಹೋದ ನಾನು ಅಲ್ಲಿ ಹೊಸ ಮಡಿ ಮೈಲಿಗೆ ಕಲಿತೆ. ಆದರೂ ಸುಳ್ಳೇಕೆ ಹೇಳಲಿ, ಅವರ ಮಾತು ಕೇಳಲು ಚೆಂದವಿತ್ತು. ಡಕೋಟಾ ವಿಮಾನ ನೆಲದ ಮೇಲೆ ಬಾಲ ಊರಿ ಕೂರುವುದರಿಂದ ಮುಂದಿನ ಸೀಟಿಗೆ ಗುಡ್ಡ ಏರಿದಂತೆ ಏರಬೇಕು. ಮೇಲೆ ಹೋದಾಗ ಫೌಂಟನ್ ಪೆನ್ನು ತಾನಾಗಿ ಶಾಯಿ ಕಾರಿ ಅಂಗಿ ಕೆಡಿಸುತ್ತದೆ. ಕಿವಿ ಕಟ್ಟದಿರಲೆಂದು ಪೆಪ್ಪರಮಿಂಟು, ಹತ್ತಿ ಕೊಡುತ್ತಾರೆ. ಹತ್ತುವ ಮುಂಚೆ ಸಾಮಾನಿನ ಜೊತೆ ಮನುಷ್ಯರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಾರೆ. ದಪ್ಪ ಸಾಹುಕಾರರು ಅಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ಉಸಿರಿಗೂ ತೂಕವಿದ್ದ ಹಾಗೆ.

ಪದೇ ಪದೇ ಹಾರುವ ಗಿರಾಕಿಗಳದ್ದು ಒಂದು ಬಳಗವೇ ಇತ್ತು. ವಕೀಲರು, ಜವಳಿ ವ್ಯಾಪಾರಿಗಳು, ಕಾರ್ಖಾನೆಯ ಸಾಹೇಬರು. ಒಬ್ಬರಿಗೊಬ್ಬರು ಸೀಟು ಹಿಡಿಯುವರು, ಯಾವ ಪೈಲಟ್ ಮೆತ್ತಗೆ ಇಳಿಸುತ್ತಾನೆ ಎಂದು ವಾದಿಸುವರು, ವಿಮಾನದಲ್ಲಿ ಇಟ್ಟ ಅಭಿಪ್ರಾಯ ಪುಸ್ತಕದಲ್ಲಿ ತಮಾಷೆ ಬರೆಯುವರು. ಪೈಲಟ್‌ಗಳ ಬಾಯಿಂದ ಜಾರಿದ ಮಾತು ಇವರ ಬಾಯಿಗೆ ಬಿತ್ತು. ಆ ಪುಸ್ತಕವನ್ನು ನಾನೇ ಕಣ್ಣಾರೆ ಓದಿದೆ: 'ವಾಡಿಯ ತತ್ತಿ ಇವತ್ತೂ ಕಂಡಿತು, ಮರಿ ಯಾವಾಗ?' ಕೆಳಗೆ ಇನ್ನೊಬ್ಬ: 'ಹಾಕಿದ ಕೋಳಿಗೆ ಬಹುಮಾನ ಕೊಡಿ.' ಕಚೇರಿಯವರು ಅದನ್ನು ನನ್ನ ಮುಂದೆಯೇ ಓದಿ ಹೊಟ್ಟೆ ಹಿಡಿದು ನಕ್ಕರು. ಇವರ ನಗೆಗೆ ಮಣ್ಣು ಹಾಕ! ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಮನುಷ್ಯನಿಗೆ ಇಟ್ಟ ಹೆಸರು ನೋಡಿ.

ಅಪ್ಪನಿಗೆ ಇದ್ದದ್ದು ಒಂದೇ ಆಸೆ. "ಮ್ಯಾಲಿಂದ ಒಂದ್ಸಲ ನೋಡಬೇಕೋ ತಮ್ಮಾ. ಖರೇನ ಸೊಟ್ಟ ಇದ್ರ ನಾನೇ ಒಪ್ಪಿ ಕಿತ್ತು ಹಾಸ್ತೀನಿ. ಇಲ್ಲಾಂದ್ರ ನನ್ನ ಹೆಸರು ನನಗ ವಾಪಸ್ ಕೊಡ್ಲಿ." ಕಂಪನಿಯಲ್ಲಿ ನೌಕರರಿಗೆ ಒಂದು ಸವಲತ್ತಿತ್ತು. ಸೀಟು ಖಾಲಿ ಇದ್ದರೆ ವರ್ಷಕ್ಕೊಮ್ಮೆ ಪುಕ್ಕಟೆ ತಾವೇ ಹೋಗಬಹುದು, ಇಲ್ಲವೇ ತಂದೆಯನ್ನೋ ತಾಯಿಯನ್ನೋ ಕಳಿಸಬಹುದು. ನಾನು ಅಪ್ಪನ ಹೆಸರಿಗೆ ಮುಂಬಯಿಯ ಪಾಸು ಬರೆಸಿದೆ.

ಸೀತಾಫಲದ ಕಾಲ, ಆಕಾಶ ತೊಳೆದಿಟ್ಟ ಹಾಗಿತ್ತು. ಅಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ನನ್ನ ಜೊತೆ ಹೈದರಾಬಾದಿನ ರೈಲು ಹತ್ತಿದ. ವಿಮಾನ ನಿಲ್ದಾಣದಲ್ಲಿ ಪಾಸಿನವರಿಗೆ ಹಿಂದಿನ ಬೆಂಚು. ಪಾಸಿನವರು ಗಿರಾಕಿಗಳ ಜೊತೆ ಮಾತಾಡಬಾರದು, ಅದೂ ಒಂದು ಕಾನೂನು. ಅಪ್ಪನನ್ನು ತೂಗಿದರು. ಒಂದು ಸಿಮೆಂಟ್ ಚೀಲಕ್ಕಿಂತ ತುಸು ಹೆಚ್ಚು, ಅಷ್ಟೇ. ಸೀಟು ಖಾಲಿ ಇತ್ತು. ಅಪ್ಪ ಬಾಗಿಲವರೆಗೆ ಹೋಗಿಯೂ ಆಗಿತ್ತು.

ಅಷ್ಟರಲ್ಲಿ ಆ ಬಳಗದ ವ್ಯಾಪಾರಿಯೊಬ್ಬ ಓಡಿ ಬಂದ. ಅವನ ಸೀಟು ಮೊದಲೇ ಗೊತ್ತು ಮಾಡಿದ್ದಾಗಿತ್ತು, ಆದರೆ ಹಿಂದೆ ಹಮಾಲರು ಮೂರು ಬುಟ್ಟಿ ಸೀತಾಫಲ ಹೊತ್ತು ತಂದರು. ಮುಂಬಯಿಯಲ್ಲಿ ಬೀಗರ ಮನೆಗಂತೆ. ತಕ್ಕಡಿಯವನು ಬುಟ್ಟಿ ತೂಗಿದ, ಕಾಗದ ನೋಡಿದ, ಆಮೇಲೆ ನನ್ನ ಅಪ್ಪನನ್ನು ನೋಡಿದ. "ಪಾಸಿನ ಮುದುಕಪ್ಪ, ಹಿಂದ ಸರೀರಿ," ಎಂದ. ಅವನೂ ನಮ್ಮ ಕಡೆಯವನೇ, ಸುಲೇಪೇಟದವನು! ನಾನು ಕೂಗಾಡಿದೆ. "ಖಾಲಿ ಸೀಟ ಅದಲ್ರೀ! ಮನುಷ್ಯಾನ್ನ ಇಳಿಸಿ ಹಣ್ಣು ಏರಸ್ತೀರೇನು?" ಎಂದೆ. ತೂಕ ಮೀರುತ್ತದೆ, ಗಿರಾಕಿ ಮೊದಲು, ಎಂದು ಅವನು ಬೆನ್ನು ತಿರುಗಿಸಿದ. ಅಪ್ಪ ನನ್ನ ರಟ್ಟೆ ಹಿಡಿದ. "ನಡಿ, ಸಾಕು. ಮಂದಿ ನೋಡ್ಲಿಕತ್ತಾರ." ಬುಟ್ಟಿಗಳು ಮೆಟ್ಟಿಲು ಹತ್ತಿದವು. ತಿರುಗಿ ಬರುವಾಗ ರೈಲಿನಲ್ಲಿ ಸೇಡಂ ದಾಟುವವರೆಗೂ ಅಪ್ಪ ರೊಟ್ಟಿಯ ಗಂಟು ಬಿಚ್ಚಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಕಚೇರಿಯಿಂದ ಕಡೆಯ ಎಚ್ಚರಿಕೆಯ ಕಾಗದ. ಚಕ್ರವನ್ನು ಹಳಿಯ ಉದ್ದಕ್ಕೆ ಹಿಗ್ಗಿಸಿ ಪೈಲಟ್‌ಗಳಿಗೆ ದುಂಡಗೆ ಕಾಣುವಂತೆ ಮಾಡಬೇಕು, ಇಲ್ಲದಿದ್ದರೆ ವಾಡಿಗೆ ಬೇರೆ ಮನುಷ್ಯನನ್ನು ನೇಮಿಸಲಾಗುವುದು. ನಾನು ಕಾಗದ ಹರಿಯಲು ಹೋದೆ, ಅಪ್ಪ ಬಿಡಲಿಲ್ಲ. ತಾನೇ ಹಾರೆ ಹೆಗಲಿಗಿಟ್ಟು ಬಯಲಿಗೆ ನಡೆದ. ತಾನು ಕೂಡಿಸಿದ ಕಲ್ಲನ್ನು ತಾನೇ ಎಬ್ಬಿಸಿದ. ನಡುವಿನ ಗೂಟದ ಆಚೆ ಒಂದು, ಈಚೆ ಒಂದು ಹೊಸ ಗೂಟ ಬಡಿದು, ಎರಡಕ್ಕೂ ಸೇರಿಸಿ ಹಗ್ಗದ ಕುಣಿಕೆ ಹಾಕಿ ಗೆರೆ ಎಳೆದ. "ಒಂದು ಗೂಟಕ್ಕ ಗುಂಡು ಬರ್ತದ, ಎರಡು ಗೂಟಕ್ಕ ತತ್ತಿ. ಬೇಕಲ್ಲ ಅವರಿಗಿ, ತೊಗೊಳ್ಳಲಿ," ಎಂದ. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ. ನನ್ನ ನೌಕರಿ ಉಳಿಯಲೆಂದು ಅವನು ತಿಳಿದೂ ತಿಳಿದೂ ಸೊಟ್ಟ ಕೆಲಸ ಮಾಡಿದ. ಆ ಕಂಪನಿಯ ಮೇಲಷ್ಟೇ ಅಲ್ಲ, ನನ್ನ ಮೇಲೂ ನನಗೆ ಸಿಟ್ಟು ಬಂತು.

ವಾರದೊಳಗೆ ಮೆಚ್ಚುಗೆಯ ಕಾಗದ ಬಂತು: ಚಕ್ರ ಈಗ ಅತ್ಯಂತ ದುಂಡಗಿದೆ, ಸರಿಪಡಿಸಿದವರಿಗೆ ಶಾಭಾಸ್. ಇತ್ತ ವಾಡಿ ಸ್ಟೇಷನ್ನಿಗೆ ಬಯಲು ಹಾದು ಬರುವ ಶಹಾಬಾದಿನ ಕಲ್ಲು ಕೆಲಸದವರು ನಿಂತು ನೋಡಿದರು. ಅವರಿಗೆ ಕಣ್ಣಳತೆಯೇ ಸಾಕು. ಅಪ್ಪನ ಜೊತೆಗೇ ಗಣಿಗಿಳಿದ ಹಿರಿಯ ಮೇಸ್ತ್ರಿ ಎದುರಿಗೇ ಕೇಳಿದ, "ಏನಪಾ ಇದು? ಕೈ ನಡುಗಲಿಕತ್ತದೇನು?" ಅಪ್ಪ ತಲೆ ತಗ್ಗಿಸಿದ. ಆಮೇಲೆ ಅವನನ್ನು ಯಾರೂ ಒಳ್ಳೆಯ ಹಾಸುಗೆಲಸಕ್ಕೆ ಕರೆಯಲಿಲ್ಲ. ಹೇಳಿ, ಯಾರ ಕಣ್ಣಿಗೆ ಬೆಲೆ ಜಾಸ್ತಿ?

ಮರುವರ್ಷ ಮತ್ತೆ ಪಾಸು ಬಂತು. "ಸೀತಾಫಲ ಕುಂತ ಜಾಗದಾಗ ನಾ ಕೂಡಂಗಿಲ್ಲ. ನೀನೇ ಹೋಗು," ಎಂದ ಅಪ್ಪ. ಹೋದೆ. ಚಿತ್ತಾಪುರ ದಾಟುತ್ತಿದ್ದಂತೆ ಪೈಲಟ್ ನನ್ನನ್ನು ತನ್ನ ಕೋಣೆಗೆ ಕರೆಸಿದ. ವಾಡಿಯವನು ಬಂದಿದ್ದಾನೆಂದು ಯಾರೋ ಹೇಳಿದ್ದರಂತೆ. ಮುಂದಿನ ಗಾಜಿನಾಚೆ, ದೂರದಲ್ಲಿ, ಬಿಳಿ ಚಕ್ರ ಕಂಡಿತು. ಸುಳ್ಳು ಹೇಳಲಾರೆ, ಬಿಲ್ಲೆಯ ಹಾಗೆ ದುಂಡಗಿತ್ತು. ಹಾಗಾದರೆ ಇವರು ಹೇಳಿದ್ದೇ ಸರಿಯೇ?

"ನೋಡಿದೆಯಾ? ಮೊದಲೇ ಹೀಗೆ ಹಾಕಿದ್ದರೆ ಆಗುತ್ತಿರಲಿಲ್ಲವೇ?" ಎಂದು ಪೈಲಟ್ ಉರ್ದುವಿನಲ್ಲಿ ಹೇಳಿ ನಕ್ಕ.

ನಾನು ಕೈಮುಗಿದು ಒಂದೇ ಮಾತು ಕೇಳಿದೆ. ಅದರ ನೆತ್ತಿಯ ಮೇಲೆ ಹೋದಾಗ ಒಮ್ಮೆ ವಿಮಾನ ಓರೆ ಮಾಡಿ ತೋರಿಸಿ, ಸಾಹೇಬರೇ. ಅವನ ಮನಸ್ಸು ಖುಷಿಯಲ್ಲಿತ್ತು, ರೆಕ್ಕೆ ಬಾಗಿಸಿದ. ಬದಿಯ ಗಾಜಿನಲ್ಲಿ ನೆಟ್ಟಗೆ ಕೆಳಗೆ ನೋಡಿದೆವು. ತತ್ತಿ! ಉದ್ದಕ್ಕೆ ಎಳೆದ ತತ್ತಿ. ಪೈಲಟ್ ನೋಡಿದ, ನಾನೂ ನೋಡಿದೆ. ಇಷ್ಟು ದಿನ ಇವರು ಓರೆಯಾಗಿ, ದೂರದಿಂದ ನೋಡಿ ದೂರು ಬರೆದಿದ್ದರು. ನೆತ್ತಿಯ ಮೇಲೆ ಬಂದಾಗ ಚಕ್ರ ಇವರ ಕಾಲ ಕೆಳಗೆ ಅಡಗುತ್ತಿತ್ತು. ಅಪ್ಪನ ಚಕ್ರವನ್ನು ಸರಿಯಾಗಿ ಒಬ್ಬನೂ ನೋಡಿಯೇ ಇರಲಿಲ್ಲ.

"ಮೊದಲಿನದೇ ದುಂಡಗಿತ್ತು, ಸಾಹೇಬರೇ," ಎಂದೆ.

ಅವನು ಭುಜ ಹಾರಿಸಿದ. "ಇರಬಹುದು. ನಾವು ನೋಡುವ ಕಡೆಯಿಂದ ಸರಿ ಕಂಡರೆ ಸಾಕಲ್ಲ," ಎಂದ.

ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯನ ಮೂವತ್ತು ವರ್ಷದ ಹೆಸರು ಮಣ್ಣಾಗಿದೆ, ಇವನಿಗೆ ಭುಜ ಹಾರಿಸುವಷ್ಟರ ವಿಷಯ. ಕೊಟ್ಟ ಪೆಪ್ಪರಮಿಂಟನ್ನು ನಾನು ಬಾಯಿಗೆ ಹಾಕಲಿಲ್ಲ.

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಎಲ್ಲಾ ಹೇಳಿದೆ. ಅವನು ಖಾಲಿ ಗಂಗಾಳ, ಆ ದುಂಡನೆಯ ಊಟದ ತಾಟು, ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದ. ಓರೆ ಮಾಡಿದ, ತತ್ತಿ; ನೆಟ್ಟಗೆ ಮಾಡಿದ, ದುಂಡು; ಮತ್ತೆ ಓರೆ ಮಾಡಿದ. "ಹೌದಲ್ಲೋ," ಎಂದ. "ಅಂದ್ರ ನನ್ನ ಕೈ ಸೊಟ್ಟ ಇದ್ದಿಲ್ಲ." ಗಂಗಾಳ ಕೆಳಗಿಟ್ಟು ಎದ್ದ, ಮೂಲೆಯಿಂದ ಹಗ್ಗ, ಹಾರೆ ತೆಗೆದ. "ಉಂಡು ಹೋಗ್ರೀ!" ಎಂದು ಅವ್ವ ಕೂಗುತ್ತಲೇ ಇದ್ದಳು.

ನಡುವಿನ ಗೂಟ ಹಾಗೇ ಇತ್ತು. ಆಚೀಚೆಯ ಎರಡನ್ನು ಕಿತ್ತೆಸೆದೆವು. ಒಂಬತ್ತು ದಿನ ನಾನು ಕಲ್ಲು ಹೊತ್ತೆ, ಅಪ್ಪ ಕೂಡಿಸಿದ. ಕೊನೆಯ ದಿನ ನಾನೇ ಶಹಾಬಾದಿಗೆ ಹೋಗಿ ಆ ಹಿರಿಯ ಮೇಸ್ತ್ರಿಯನ್ನೂ ಅವನ ಜೊತೆಯವರನ್ನೂ ಕರೆತಂದೆ. ಮೇಸ್ತ್ರಿ ಹಗ್ಗದ ತುದಿ ಹಿಡಿದು ಸುತ್ತು ಬಂದ. ಎಲ್ಲೂ ಸಡಿಲಾಗಲಿಲ್ಲ, ಎಲ್ಲೂ ಬಿಗಿಯಲಿಲ್ಲ. ಹಗ್ಗವನ್ನು ಅಪ್ಪನ ಕೈಗೆ ಕೊಟ್ಟು, "ನಿಂದೇ ಕೈ ಬಿಡಪಾ, ಮತ್ಯಾರದು," ಎಂದ.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ತಂತಿ ಕೊಟ್ಟೆ. ಎಂಟರಲ್ಲಿ ಒಂದು ಪಾಲೂ ಮೋಡವಿಲ್ಲ. ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ಚಕ್ರ ದುಂಡಗಿದೆ, ನೆತ್ತಿಯ ಮೇಲೆ ಬಂದು ನೋಡುವುದು.

ಉತ್ತರ ಬೇಗ ಬಂತು. ನನ್ನನ್ನು ಕೆಲಸದಿಂದ ತೆಗೆದಿದ್ದರು. ಉಣ್ಣುತ್ತಿದ್ದ ಅಪ್ಪನಿಗೆ ಓದಿ ಹೇಳಿದೆ. ಅವನು ಪೂರಾ ಕೇಳಿಸಿಕೊಂಡು ಕೇಳಿದ:

"ಚಕ್ರದ ಬಗ್ಗೆ ಏನರ ಬರದಾರೇನು?"

"ಇಲ್ಲಪ್ಪ. ಒಂದು ಮಾತೂ ಇಲ್ಲ."

"ಹಂಗಾದ್ರ ಒಪ್ಯಾರ," ಎಂದು ಅಪ್ಪ ಕೈ ತೊಳೆಯಲು ಎದ್ದ.