ಪೆಟ್ಟಿಗೆಗೆ ಹೊಡೆದ ಹೊಸ ಮೊಳೆ

ಆ ಪೆಟ್ಟಿಗೆಯ ಹಲಗೆಗೆ ಹೊಸ ಮೊಳೆ ಹೊಡೆದವನು ನಾನೇ, ಖಾಸಿಂ ಮಾಸ್ತರೇ. ಕೋರ್ಟಿನಲ್ಲಿ ದೇವರ ಮೇಲೆ ಆಣೆಯಿಟ್ಟು ನಾನು ಹೇಳಿದ್ದು ಸುಳ್ಳು.

ಎಪ್ಪತ್ತರ ದಶಕದ ಕೊನೆ. ನಾನು ರಾಯಚೂರಿನ ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ. ನೀವು ಮಾನ್ವಿಯ ಬ್ಯಾಂಡ್ ಮಾಸ್ತರರು. ನಿಮ್ಮ ಬ್ಯಾಂಡಿನವರೆಲ್ಲ ಸೇರಿ ಬೊಂಬಾಯಿಯಿಂದ ಎರಡು ಕ್ಲಾರಿನೆಟ್ ತರಿಸಿದ್ದಿರಿ. ಪೆಟ್ಟಿಗೆ ರೈಲಿನಿಂದ ಇಳಿದಾಗಲೇ ಒಂದು ಹಲಗೆ ಎದ್ದಿತ್ತು. ಆದರೆ ನೋಡುವ ಮೊದಲೇ ಗಾರ್ಡಿನ ಕಾಗದಕ್ಕೆ 'ಎಲ್ಲ ಸರಿಯಿದೆ' ಎಂದು ಸಹಿ ಹಾಕಿಬಿಟ್ಟಿದ್ದೆ — ರೂಢಿಯೋ, ಸೋಮಾರಿತನವೋ — ರೈಲು ಹೊರಟುಹೋಗಿತ್ತು. ಒಳಗೆ ಕೈ ಹಾಕಿದೆ. ಇದ್ದದ್ದು ಒಂದೇ ಕ್ಲಾರಿನೆಟ್. ಇನ್ನೊಂದರ ಜಾಗದಲ್ಲಿ ಬರೀ ಹುಲ್ಲು. ನಷ್ಟಕ್ಕೆ ರೈಲ್ವೆ ಹೊಣೆ, ರೈಲ್ವೆಗೆ ನಾನು ಹೊಣೆ. ನೌಕರಿ ಹೋದರೆ — ಸುತ್ತಿಗೆ ತಂದೆ.

"ಮೊಳಿ ಹೊಸಾವು ಕಾಣ್ತಾವಲ್ರೀ ಸಾಹೇಬ್ರ? ಒಮ್ಮಿ ತೂಗ್ರಿ" ಅಂದಿರಿ, ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದಾಗ.

"ಅಲ್ಲಿಂದನ ಹಂಗ ಬಂದಾವ. ಮೊದಲ ಸಹಿ ಮಾಡ್ರಿ, ಮಾನ್ವಿ ಬಸ್ ಹೊಂಟದ" ಅಂದೆ.

ನಂಬಿ ಸಹಿ ಮಾಡಿದಿರಿ. ಮಾನ್ವಿಯಲ್ಲಿ ಪೆಟ್ಟಿಗೆ ಬಿಚ್ಚಿ, ಒಂದೇ ಕ್ಲಾರಿನೆಟ್ ಕಂಡು, ರೈಲ್ವೆಯ ಮೇಲೆ ದಾವೆ ಹೂಡಿದಿರಿ. ಆ ಸಹಿಯೇ ನಿಮ್ಮ ದಾವೆಯನ್ನು ಮುಗಿಸಿತು. ತೂಕ ಹಾಕಿಸದೆ, ತಕರಾರು ಬರೆಸದೆ ಬಿಡಿಸಿಕೊಂಡ ಮಾಲು ರೈಲಿನಲ್ಲೇ ಕಳೆಯಿತೆಂದು ನೀವೇ ರುಜುವಾತು ಮಾಡಬೇಕಿತ್ತು. ಅದನ್ನು ಬಲ್ಲವನು ನಾನೊಬ್ಬನೇ. ಕಟಕಟೆಯಲ್ಲಿ ನಿಂತು, "ಪೆಟ್ಟಿಗೆ ಸುಸ್ಥಿತಿಯಲ್ಲಿತ್ತು" ಎಂದೆ.

ತೀರ್ಪಾದ ಮರುವಾರ ನನ್ನ ಕಿಟಕಿಯ ಮುಂದೆ ಬಂದು ನಿಂತಿರಿ. ಬಯ್ಯುತ್ತೀರೆಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕ್ಲಾರಿನೆಟ್ ಹೋದ್ರ ಹೋಗ್ಲಿರೀ. ನಾನ ಮಾರ್ಕೊಂಡೀನಿ ಅನ್ನಾಕತ್ತಾರ ನಮ್ಮ ಹುಡುಗ್ರು. ನಾ ಕಳ್ಳ ಅಲ್ಲಂತ ಅವ್ರಿಗೆ ಒಂದ್ ಮಾತು ಹೇಳ್ರಿ, ಸಾಕು."

ನಾನು ಕಿಟಕಿ ಮುಚ್ಚಿದೆ. ನಿಮ್ಮ ಹೆಜ್ಜೆ ದೂರವಾಗುವವರೆಗೂ ಅದರ ಹಿಂದೆ ನಿಂತಿದ್ದೆ.

ಬ್ಯಾಂಡು ಒಡೆಯಿತೆಂದು ಆಮೇಲೆ ಕೇಳಿದೆ. ನೀವು ದೇವದುರ್ಗಕ್ಕೆ ಹೋಗಿ, ಮದುವೆಗಳಲ್ಲಿ ಕಂಡವರ ಜೊತೆ ಊದುತ್ತೀರೆಂದೂ. ಎಲ್ಲಿ ನೀವೇ ಬಂದುಬಿಡುತ್ತೀರೋ ಎಂದು ಹೆದರಿ, ರಾಯಚೂರಿನಲ್ಲಿ ಮಗಳ ಮದುವೆಗೆ ಬ್ಯಾಂಡೇ ಬೇಡವೆಂದು ಹಟ ಹಿಡಿದೆ. ಮನೆಯವರು ಜಿಪುಣ ಎಂದರು. ಅದೇ ವಾಸಿ ಎನಿಸಿತು. ಬೀದಿಯಲ್ಲಿ ಮೆರವಣಿಗೆ ಬಂದರೆ ಇಂದಿಗೂ ಒಳಗೆ ಹೋಗಿ ಕುಳಿತುಕೊಳ್ಳುತ್ತೇನೆ.

ಈಗ ನನ್ನ ನೌಕರಿಯನ್ನು ಯಾರೂ ಕಸಿಯಲಾರರು — ನಿವೃತ್ತನಾಗಿದ್ದೇನೆ. ಆದರೂ ಈ ಕಾಗದ ಬರೆಯಲು ಇಷ್ಟು ವರ್ಷ ಬೇಕಾಯಿತು. ನಾಳೆ ಮಾನ್ವಿಗೆ ಹೋಗುತ್ತೇನೆ, ನಿಮ್ಮ ಹಳೆಯ ಬ್ಯಾಂಡಿನ ಒಬ್ಬೊಬ್ಬರ ಮನೆಗೂ. ಖಾಸಿಂ ಮಾಸ್ತರರು ಕದ್ದಿಲ್ಲ, ಇದೇ ಮೊದಲ ಮಾತು. ಅಲ್ಲಿಂದ ದೇವದುರ್ಗಕ್ಕೆ, ನಿಮ್ಮ ಬಾಗಿಲಿಗೆ. ನೀವು ಬಾಗಿಲು ಮುಚ್ಚಿಕೊಂಡರೆ ಮುಚ್ಚಿಕೊಳ್ಳಿ. ನಾನು ಹೊರಗೇ ನಿಂತು ಹೇಳುತ್ತೇನೆ.