ಇಲಿ ಬಿದ್ದ ಮನೆ

ಸತ್ತ ಇಲಿ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದಿತ್ತು. ಹೊಟ್ಟೆ ಮೇಲಾಗಿ ಬಿದ್ದಿತ್ತು ಎಂದು ಬರೆಯಹೊರಟೆ. ಮಗ್ಗುಲಾಗಿತ್ತು ಎನ್ನುತ್ತಾಳೆ ಹೆಂಡತಿ. ಹೊಟ್ಟೆ ಮೇಲಾಗಿದ್ದರೆ ಬರವಣಿಗೆಗೆ ಚೆನ್ನ, ಆದ್ದರಿಂದ ಅವಳನ್ನೇ ನಂಬುತ್ತೇನೆ. ಹಳೆಯ ಕಾಗದದಲ್ಲಿ ಅದನ್ನು ಎತ್ತಿ ಬಿಸಾಡಲು ಬಗ್ಗಿದೆ.

"ಮುಟ್ಬೇಡ ಕಣೋ!" ದೊಡ್ಡಮ್ಮ ಕಿರುಚಿದರು. "ಇಲಿ ಬಿತ್ತು. ಹೊರಡಿ ಎಲ್ರೂ."

"ಎಲ್ಲಿಗೆ?"

"ಎಲ್ಲಿಗಾದ್ರೂ. ಮೊದ್ಲು ಮನೆ ಬಿಡಿ."

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಎಂಬತ್ತು ದಾಟಿದೆ, ಬಸವನಗುಡಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ತವರು ಅಕ್ಕಿಪೇಟೆ, ಅಕ್ಕಿ ವ್ಯಾಪಾರದ ಮನೆ. ಪ್ಲೇಗಿನ ಕಾಲದಲ್ಲಿ ಪೇಟೆಯವರು ಇಲಿ ಸತ್ತು ಬಿದ್ದ ಮನೆಯನ್ನು ಖಾಲಿ ಮಾಡಿ ಊರ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಒಳಗೆ ಬಿಸಿಲು ಬೀಳಲೆಂದು ಸೂರಿನ ಹೆಂಚು ಇಳಿಸುತ್ತಿದ್ದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೂ ಆ ಭಯದಲ್ಲೇ: ಅಗಲ ರಸ್ತೆ, ಗಾಳಿ, ಹೊಲಸು ಸಾಗಿಸಲು ಮನೆಗಳ ಹಿಂದೆ ಬೇರೆಯದೇ ಓಣಿ. ಈಗ ಅದನ್ನೆಲ್ಲ ಹಳೆಯ ಬೆಂಗಳೂರಿನ ಸೊಗಸು ಎಂದು ಫೋಟೊ ತೆಗೆಯುತ್ತೇವೆ.

ಆ ಗುಡಿಸಲುಗಳನ್ನು ದೊಡ್ಡಮ್ಮ ಕಂಡವರಲ್ಲ. ಕಂಡದ್ದು ಅವರ ಅಮ್ಮ. ಆದರೂ "ನಮ್ಮ ಗುಡಿಸಲಿಗೆ ಮಳೆ ನುಗ್ಗಿತ್ತು" ಎಂದೇ ಹೇಳುತ್ತಾರೆ. ಯಾರ ನೆನಪು ಯಾರ ಬಾಯಲ್ಲಿ? ನನಗೆ ನಗು ಬಂತು.

"ಯಾರೋ ಇಲಿಪಾಷಾಣ ಇಟ್ಟಿರ್ತಾರೆ, ದೊಡ್ಡಮ್ಮ."

"ನಗು, ನಗು. ಮಗು ಮೈ ಮುಟ್ಟಿ ನೋಡಿದೀಯಾ?"

ಮಗಳು ಬೆಳಗಿನಿಂದ ಜ್ವರದಲ್ಲಿ ಮಲಗಿದ್ದಳು. ದೊಡ್ಡಮ್ಮ ಅವಳ ಪಕ್ಕ ಕೂತು, "ಕೈ ಎತ್ತು ಪುಟ್ಟಿ" ಎಂದರು. ಅವರ ಅಮ್ಮ ದಿನಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೀಗೇ ಕೈ ಎತ್ತಿಸಿ ಕಂಕುಳು ಮುಟ್ಟಿ ನೋಡುತ್ತಿದ್ದರಂತೆ. ಪ್ಲೇಗಿನ ಗಡ್ಡೆ ಏಳುವುದು ಅಲ್ಲೇ. ದೊಡ್ಡಮ್ಮ ನನ್ನ ಕೈ ಎಳೆದು ಅಲ್ಲಿಟ್ಟರು.

ಇತ್ತು. ಹುಣಸೆ ಬೀಜಕ್ಕಿಂತ ದಪ್ಪ. ಬಿಸಿ.

ಮಗಳನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಅವಳ ಮುಂಗೈ ತಿರುಗಿಸಿ ನೋಡಿ, "ಬೆಕ್ಕು ಪರಚಿತ್ತಾ ಮರಿ?" ಎಂದರು. ಅವಳು ತಲೆಯಾಡಿಸಿದಳು. "ಅದ್ರಿಂದ್ಲೇ ಇರ್ಬೇಕು. ಮಾತ್ರೆ ಕೊಡಿ, ನೋಡೋಣ." ನಾನು ಇಲಿಯ ವಿಷಯ ಹೇಳಿದೆ. "ಪ್ಲೇಗಾ? ಎಲ್ಲಿಂದ ತರ್ತೀರ ಸಾರ್ ಇದನ್ನೆಲ್ಲ!" ಎಂದು ನಕ್ಕುಬಿಟ್ಟರು. ನನ್ನ ಕಿವಿಯಲ್ಲಿ ಉಳಿದದ್ದು "ನೋಡೋಣ" ಒಂದೇ.

ವಾಪಸು ಬಂದರೆ ದೊಡ್ಡಮ್ಮ ಬ್ಯಾಗು ಹಿಡಿದು ಗೇಟಿನ ಹೊರಗೆ ನಿಂತಿದ್ದರು, ಪಕ್ಕದಲ್ಲಿ ಹೆಂಡತಿ. ಇಬ್ಬರನ್ನೂ ಗದರಿಸಿ ಒಳಗೆ ಕರೆದೊಯ್ಯಬೇಕಾದವನು ನಾನು. ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊಸಿಲ ತನಕ ಹೋದೆ. ಕಾಲು ಎತ್ತಲಾಗಲಿಲ್ಲ.

ಆಟೊದಲ್ಲಿ ಹೋದದ್ದು ಅಕ್ಕಿಪೇಟೆಗೆ, ಸೋದರಮಾವನ ಮಗನ ಮನೆಗೆ. ಪೇಟೆಗೆ ಹೆದರಿ ಕಟ್ಟಿಕೊಂಡ ಬಡಾವಣೆಯಿಂದ, ಹೆದರಿ, ಪೇಟೆಗೇ. ಕೆಳಗೆ ಗೋಡೌನು, ಮೇಲೆ ಮನೆ, ಅದರ ಮೇಲೆ ಅಟ್ಟ. ಅಟ್ಟದ ತುಂಬ ಇಲಿಗಳ ದಡಬಡ. ಹೆಂಡತಿ ನನ್ನ ಮುಖ ನೋಡಿದಳು.

"ನಮ್ಮ ಬಾಡಿಗೆಯೋರು," ಅವನ ಹೆಂಡತಿ, ನಮ್ಮ ಅತ್ತಿಗೆ, ಕಾಫಿ ಕೊಡುತ್ತಾ ನಕ್ಕರು. "ಬಾಡಿಗೆ ಮಾತ್ರ ಕೊಡಲ್ಲ."

"ಓಡಾಡ್ಲಿ ಬಿಡೇ," ಎಂದರು ದೊಡ್ಡಮ್ಮ. ಅಂದು ಮೊದಲ ಸಲ ಅವರ ಮುಖ ತಿಳಿಯಾಗಿತ್ತು. "ಓಡೋ ಇಲಿಗೆ ಯಾಕೆ ಹೆದರ್ಬೇಕು? ಅವು ಓಡಾಡ್ತಿದ್ರೆ ನಾವೂ ಇರ್ತೀವಿ."

ಮಗಳ ಜ್ವರ ಆಮೇಲೆ ಬಿಟ್ಟಿತು, ಗಡ್ಡೆ ಕರಗಿತು, ನಾವು ಮನೆ ಸೇರಿದೆವು. ಆದರೆ ಅದು ಮೊದಲೇ ಗೊತ್ತಿದ್ದವನಂತೆ ಬರೆದರೆ ಆ ಸಂಜೆ ಸುಳ್ಳಾಗುತ್ತದೆ. ಆ ಸಂಜೆ ನಾನು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಿಲ್ಲದಿರಲಿ, ನಿಲ್ಲದಿರಲಿ ಎಂದು ಅಟ್ಟದ ಸದ್ದನ್ನೇ ಕೇಳುತ್ತಿದ್ದೆ. ಅತ್ತಿಗೆ ಏನೋ ಹೇಳುತ್ತಿದ್ದರು. ಮೇಲೆ ಒಮ್ಮೆಗೇ ಎಲ್ಲ ಸ್ತಬ್ಧವಾಯಿತು. ದೊಡ್ಡಮ್ಮ ಅತ್ತಿಗೆಯ ಮೊಣಕೈ ಹಿಡಿದು ಸುಮ್ಮನಾಗಿಸಿದರು. ಯಾರೂ ಕಾಫಿ ಮುಟ್ಟಲಿಲ್ಲ. ಎಲ್ಲರೂ ತಲೆ ಎತ್ತಿ ಸೂರು ನೋಡುತ್ತಾ ಕೂತೆವು.