ಉಡಿ ತುಂಬಿದ ಮೇಲೆ ಬಾರದ ವೀಸಾ

ಅಜ್ಜಿ ದೇವಸುಗೂರಿನ ದೇವರಿಗೆ ಹರಕೆ ಹೊತ್ತಿದ್ದರಿಂದಲೇ ಅಕ್ಕನ ವೀಸಾ ಬಂತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹರಕೆ ಹೊತ್ತದ್ದು ಅರ್ಜಿ ಕೊಟ್ಟ ವಾರವೇ. ವೀಸಾ ಬಂದದ್ದು ಮಳೆಗಾಲ, ಚಳಿಗಾಲ ಎರಡೂ ಕಳೆದ ಮೇಲೆ. ಹರಕೆ ಇಲ್ಲದಿದ್ದರೂ ಅದು ಅಷ್ಟೇ ತಡವಾಗಿ ಬರುತ್ತಿತ್ತು.

ಭಾವ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯ ರಜೆ ಮುಗಿಸಿ ಅವರು ಹೋದರು. ಜೊತೆಗಿರಲು ಅಕ್ಕ ವಾಸದ ವೀಸಾಕ್ಕೆ ಅರ್ಜಿ ಹಾಕಿದಳು. ಎಷ್ಟು ಕಾಲ ಹಿಡಿಯುತ್ತದೆ ಎಂದರೆ, 'ಕೆಲವು ವಾರಗಳಿಂದ ಹಲವು ತಿಂಗಳು' ಎಂದು ಜಾಲತಾಣದಲ್ಲೇ ಬರೆದಿತ್ತು. ನಮ್ಮವರು ಅದರ ಮೊದಲರ್ಧವನ್ನಷ್ಟೇ ಓದಿದರು. ಅಕ್ಕ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಮಾನ್ವಿಗೆ ಮರಳಿದ ದಿನ ಅಜ್ಜಿ, "ಹೆಬ್ಬಟ್ಟು ಒತ್ತಿದ ಮ್ಯಾಲ ಇನ್ನೇನದ? ಮುಗೀತಲ್ಲ!" ಎಂದಳು. ಅವಳು ಕಂಡಿದ್ದ ಹೊಲದ ರಿಜಿಸ್ಟ್ರಿಗಳೆಲ್ಲ ಹೆಬ್ಬೆಟ್ಟು ಒತ್ತುತ್ತಲೇ ಮುಗಿದಿದ್ದವು.

ಮುಂದೆ ಆಷಾಢ, ಹೆಣ್ಣನ್ನು ಕಳಿಸುವಂತಿಲ್ಲ. ಅದಕ್ಕೆ ಮುಂಚೆಯೇ ಅಕ್ಕನ ಉಡಿಗೆ ಅಕ್ಕಿ, ಕೊಬ್ಬರಿ, ಅರಿಶಿನಕೊಂಬು ತುಂಬಿ, ವೀಸಾ ಮುದ್ರೆ ಬಿದ್ದ ಪಾಸ್‌ಪೋರ್ಟ್ ಬಂದ ಕೂಡಲೇ ಅಲ್ಲಿಂದಲೇ ಹೊರಡಲಿ ಎಂದು ದೇವದುರ್ಗದ ಸೋದರತ್ತೆಯ ಮನೆಗೆ ಕಳಿಸಿದರು. ಹಾಗೆ ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದವಳು ಗಂಡನ ಮನೆಯಲ್ಲಿ ಆ ಅಕ್ಕಿ ಬೇಯಿಸುವ ತನಕ ತವರಿನ ಹೊಸ್ತಿಲು ತುಳಿಯಬಾರದು. ಇದು ನಮ್ಮ ಮನೆಯ ಪದ್ಧತಿ.

ಪಾಸ್‌ಪೋರ್ಟ್ ಬರಲಿಲ್ಲ. ಆಷಾಢ ಹೋಯಿತು, ದಸರೆ ಹೋಯಿತು. ಫೋನಿನಲ್ಲಿ 'ಪರಿಶೀಲನೆಯಲ್ಲಿದೆ' ಎಂಬ ಅದೇ ಸಾಲು.

ನಾನು ರಾಯಚೂರಿನಲ್ಲಿ ಕಾನೂನು ಓದುತ್ತಿದ್ದೆ. ಅವ್ವ ಮಾನ್ವಿಯಿಂದ, ಅಕ್ಕ ದೇವದುರ್ಗದಿಂದ ಬಂದು ರಾಯಚೂರಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಭೇಟಿಯಾಗುತ್ತಿದ್ದರು. ಅವ್ವ ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯೆ ಬಡಿಸುತ್ತಿದ್ದಳು.

"ಇದ್ಯಾವ ನ್ಯಾಯ ಬೇ ಯವ್ವಾ?" ಎಂದೆ ಒಮ್ಮೆ.

"ಬಸ್‌ಸ್ಟ್ಯಾಂಡಿಗೆ ಹೊಸ್ತಿಲ ಅದ ಏನು? ಸುಮ್ನ ಉಣ್ಣು."

ಅಕ್ಕ ನಗಲಿಲ್ಲ. ದೇವದುರ್ಗದ ಓಣಿಯಲ್ಲಿ "ಇನ್ನಾ ಹೋಗಿಲ್ಲೇನವಾ?" ಎಂದು ಕೇಳಿಸಿಕೊಂಡು ಅವಳು ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಅವತ್ತು ತುತ್ತು ಕೈಯಲ್ಲೇ ಹಿಡಿದು, "ನಾ ಈಗ ಯಾವ ಮನಿಯಾಕಿನೂ ಅಲ್ಲ ನೋಡು" ಎಂದಳು.

ಸಂಕ್ರಾಂತಿಯ ಮರುದಿನ ನಾನೇ ದೇವದುರ್ಗಕ್ಕೆ ಹೋಗಿ ಅಕ್ಕನನ್ನು ಮಾನ್ವಿಗೆ ಕರೆತಂದೆ. ಬಸ್ಸಿನುದ್ದಕ್ಕೂ ವಾದ ಹೊಂದಿಸಿಕೊಂಡಿದ್ದೆ. ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಅವ್ವ ಒಳಗಿನಿಂದ ಓಡಿ ಬಂದು ಅವಳ ಹಿಂದೆ ನಿಂತಳು.

"ಅಜ್ಜೀ, ಮೊದಲನೇ ಮಾತು ಏನಂದ್ರ..."

"ನಿಂದ್ರು ವಕೀಲಮ್ಮಾ, ನಿನ್ನ ಯಾರೂ ಕೇಳಿಲ್ಲ." ಅಕ್ಕನತ್ತ ತಿರುಗಿದಳು. "ಉಡಿ ಅಕ್ಕಿ ಎಲ್ಲದ?"

ಅಕ್ಕ ಬ್ಯಾಗಿನಿಂದ ಗಂಟು ತೆಗೆದು ಬಿಚ್ಚಿದಳು. ಅಕ್ಕಿಯ ತುಂಬ ನುಸಿ ಹರಿದಾಡುತ್ತಿತ್ತು. ಅಜ್ಜಿ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ ನೋಡಿದಳು.

"ಮರ ತಾ ಬೇ," ಎಂದಳು ಅವ್ವನಿಗೆ.

ಕಟ್ಟೆಯ ಮೇಲೆ ಕೂತು, ಅವ್ವ ತಂದ ಮೊರದಲ್ಲಿ ತಾನೇ ಅಕ್ಕಿ ಕೇರಿ, ಆರಿಸಿ, ಅಂಗಳದಲ್ಲೇ ಮೂರು ಕಲ್ಲು ಹೂಡಿ ಅನ್ನ ಬೇಯಿಸಿದಳು. ಎಲ್ಲರಿಗೂ ಒಂದೊಂದು ತುತ್ತು ಕೊಟ್ಟು ಕೈ ಒರೆಸಿಕೊಂಡಳು.

"ಅಕ್ಕಿ ತೀರಿತು, ಉಡಿ ಬರಿದಾತು. ಉಡಿ ಬರಿದಾದ್ರ ಕಳಸಿದ್ದು ಕಳಸಿದಂಗಲ್ಲ. ಹಿರ್ಯಾರು ಹಂಗ ಹೇಳ್ಯಾರ. ಬಾ ಒಳಗ."

ಅಕ್ಕ ಹೊಸ್ತಿಲು ದಾಟಿದಳು. ಆ ರಾತ್ರಿ ಅವ್ವನ ಮಗ್ಗುಲಲ್ಲಿ ಮಲಗಿದವಳು ಮರುದಿನ ಬಿಸಿಲೇರಿದರೂ ಏಳಲಿಲ್ಲ, ಯಾರೂ ಎಬ್ಬಿಸಲಿಲ್ಲ. ಆಮೇಲೆ ವೀಸಾ ಕಾಯುವುದು ಬರೀ ಕಾಯುವುದಾಯಿತು. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಾಗ ಮಂಜೂರಾದ ಸುದ್ದಿ ಫೋನಿಗೆ ಬಂತು. ಅಕ್ಕ ಹಿಟ್ಟಿನ ಕೈಯಲ್ಲೇ ಅವ್ವನನ್ನು ತಬ್ಬಿಕೊಂಡಳು.

ಈ ಸಲ ಅಜ್ಜಿ ಪಾಸ್‌ಪೋರ್ಟ್ ಕೈಗೆ ಬರುವ ತನಕ ಅಕ್ಕಿ ಮುಟ್ಟಲಿಲ್ಲ. "ಮೊದ್ಲ ಮುದ್ರಿ ತೋರಸು," ಎಂದಳು. ಈಗ ಅಕ್ಕ ಜರ್ಮನಿಯಲ್ಲಿ ಆ ಹೊಸ ಉಡಿಯ ಅಕ್ಕಿ ಬೇಯಿಸಿ ಫೋಟೋ ಕಳಿಸಿದ್ದಾಳೆ. ತಳ ಸ್ವಲ್ಪ ಸೀದಿದೆ.

ಫೋಟೋ ತೋರಿಸುತ್ತ ಅಜ್ಜಿಯನ್ನು ಕೇಳಿದೆ, ವಾದಕ್ಕಲ್ಲ, ನಿಜವಾಗಿಯೂ ತಿಳಿಯಬೇಕಿತ್ತು: "ಅಜ್ಜೀ, ಅಕ್ಕಿ ತೀರಿದ್ರ ಕಳಸಿದಂಗಲ್ಲ ಅಂದೆಲ್ಲ, ಅದನ್ನ ಯಾವ ಹಿರ್ಯಾರು ಹೇಳಿದ್ರು? ಇಲ್ಲಾ ಅವತ್ತ ಬಾಗಿಲದಾಗ ಕುಂತು ನೀನ ಕಟ್ಟಿದೇನು?"